ಹಳೆ ಕಾರಿನ ಸೈಲೆನ್ಸರ್ ಮತ್ತು ಹೊಗೆ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ, ಮೊದಮೊದಲ ಮಾರುತಿ 800, ಅಜ್ಜನ ಕಾಲದ ಮೋರಿಸ್ ಮೈನರ್. ನಮ್ಮ ಕರಾವಳಿಯ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇಂಥ ಕಾರುಗಳು ಇವತ್ತಿಗೂ ಉಂಟು. ಇವುಗಳ ಸೈಲೆನ್ಸರ್ ಮತ್ತು ಹೊಗೆಯ ಬಗ್ಗೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮುಖ್ಯವಾಗಿ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಇರುವ ಪೆಟ್ರೋಲ್ ಕಾರುಗಳ ಮಾತು. ಡೀಸೆಲ್ ಬಗ್ಗೆ ಒಂದೇ ಪ್ರಶ್ನೆ.

ಹೊಸ ಸೈಲೆನ್ಸರ್ ಹಾಕಿಸಿದರೆ ಹೊಗೆ ಕಡಿಮೆ ಆಗುತ್ತದಾ?

ಇಲ್ಲ. ಎಂಜಿನ್ ಏನು ಕೊಡುತ್ತದೋ ಅದನ್ನೇ ಪೈಪ್ ಹೊರಗೆ ಹಾಕುತ್ತದೆ. ಸೈಲೆನ್ಸರ್ ಸದ್ದನ್ನು ತಗ್ಗಿಸುತ್ತದೆ, ಹೊಗೆಯನ್ನು ಕಾರಿನ ಹಿಂದಕ್ಕೆ ಸಾಗಿಸುತ್ತದೆ, ಅಷ್ಟೇ. ಹೊಗೆ ಸರಿಯಾಗಬೇಕಾದರೆ ಮೊದಲು ಕಾರ್ಬುರೇಟರ್, ಪ್ಲಗ್, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಸರಿಯಾಗಬೇಕು. ಈ ಕ್ರಮವನ್ನು ತಿರುಗಿಸಿ, ಮೊದಲು ಪೈಪಿಗೆ ದುಡ್ಡು ಸುರಿದು ಆಮೇಲೆ ಟ್ಯೂನಿಂಗ್‌ಗೆ ಬರುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗಿನ ಎಲ್ಲಾ ಉತ್ತರಗಳ ಹಿಂದೆ ಇರುವುದು ಇದೇ ಮಾತು.

ನನ್ನ ಪದ್ಮಿನಿಗೆ ಎಮಿಷನ್ ಟೆಸ್ಟ್‌ನಲ್ಲಿ ಎಷ್ಟು ಬರಬೇಕು? ಹೊಸ ಕಾರಿನ ಲೆಕ್ಕವೇ ಇದಕ್ಕೂ ಅನ್ವಯಿಸುತ್ತದಾ?

ಇಲ್ಲ, ಕಾರು ತಯಾರಾದ ಕಾಲದ ಲೆಕ್ಕವೇ ಅದಕ್ಕೆ ಅನ್ವಯ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಲ್ಲಿ ಇದು ಉಂಟು. ಬಿಎಸ್ ಎಂದರೆ ಭಾರತ್ ಸ್ಟೇಜ್, ಹೊಸ ಗಾಡಿಗಳ ಹೊಗೆಗೆ ಸರ್ಕಾರ ಇಟ್ಟ ಮಾನದಂಡ. ಬಿಎಸ್-2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಕ್ಕೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನಕ್ಕೆ ಓಡುವಾಗ) ಕಾರ್ಬನ್ ಮಾನಾಕ್ಸೈಡ್ ಶೇ. 3ರ ಒಳಗೆ, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 1,500 ಪಿಪಿಎಂ ಒಳಗೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ 1,500ರ ಒಳಗೆ ಇರಬೇಕು. ಬಿಎಸ್-2 ಮತ್ತು ಬಿಎಸ್-3 ಕಾರುಗಳಿಗೆ ಇದು ಶೇ. 0.5 ಮತ್ತು 750 ಪಿಪಿಎಂ. ಬಿಎಸ್-4 ಬಂದ ಮೇಲೆ ಶೇ. 0.3 ಮತ್ತು 200 ಪಿಪಿಎಂ.

ಟೆಸ್ಟ್ ಮಾಡುವ ಹುಡುಗ ಕಂಪ್ಯೂಟರಿನಲ್ಲಿ ಕಾರಿನ ವರ್ಷ ತಪ್ಪಾಗಿ ಹಾಕಿದರೆ ಒಳ್ಳೆಯ ಕಾರೂ ಫೇಲ್ ಆಗುತ್ತದೆ. ಆರ್‌ಸಿ ಕೈಯಲ್ಲಿ ಹಿಡಿದು, ತಯಾರಾದ ವರ್ಷ ತೋರಿಸಿ. ಹಳೆ ಕಾರಿಗೆ ಸರ್ಟಿಫಿಕೇಟ್ ಆರು ತಿಂಗಳಿಗೆ ಮಾತ್ರ ಸಿಗುತ್ತದೆ. ಒಂದು ವರ್ಷದ್ದು ಬಿಎಸ್-4 ಮತ್ತು ನಂತರದ ಗಾಡಿಗಳಿಗೆ.

ಇನ್ನೊಂದು ವಿಷಯ. ತಣ್ಣಗಿನ ಎಂಜಿನ್ ತೆಗೆದುಕೊಂಡು ಹೋಗಬೇಡಿ. ಕಾಪುವಿನಿಂದ ಉಡುಪಿಗೆ ಬಂದಷ್ಟು ದೂರವಾದರೂ ಓಡಿಸಿ, ಚೋಕ್ (ತಣ್ಣಗಿನ ಎಂಜಿನಿಗೆ ಗಾಳಿ ತಗ್ಗಿಸಿ ಪೆಟ್ರೋಲ್ ಜಾಸ್ತಿ ಕೊಡಲು ಎಳೆಯುವ ಗುಂಡಿ) ಪೂರ್ತಿ ಒಳಗೆ ಹೋಗಿದೆಯಾ ನೋಡಿ, ಆಮೇಲೆ ಪೈಪಿಗೆ ಟೆಸ್ಟಿನ ಕೊಳವೆ ಹಾಕಿಸಿ.

ಕಾರ್ಬನ್ ಮಾನಾಕ್ಸೈಡ್ ಶೇ. 5 ಬಂತು. ಏನು ಮಾಡಲಿ?

ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಆಗುತ್ತಿದೆ ಎಂದು ಅರ್ಥ. ಸುಲಭದ ಕೆಲಸದಿಂದ ಶುರು ಮಾಡಿ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಆಯಿಲ್ ಬಾತ್ ಫಿಲ್ಟರ್ ಆದರೆ ಎಣ್ಣೆ ಗುರುತಿನವರೆಗೆ ಮಾತ್ರ ಇರಬೇಕು. ಚೋಕ್ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಲ್ಲುವುದು ನಮ್ಮ ಊರಲ್ಲಿ ಮಾಮೂಲು. ಒಳಗೆ ಗುಂಡಿ ಒತ್ತಿದ್ದೀರಿ ಎಂದು ನೀವು ಅಂದುಕೊಂಡಿರುತ್ತೀರಿ, ಕಾರ್ಬುರೇಟರಿನಲ್ಲಿ ಗಾಳಿಯ ದಾರಿ ಮುಚ್ಚುವ ತಗಡು (ಚಿಟ್ಟೆ) ಅರ್ಧ ಮುಚ್ಚಿಕೊಂಡೇ ಇರುತ್ತದೆ. ಬಾನೆಟ್ ಎತ್ತಿ, ಕಣ್ಣಾರೆ ನೋಡಿ.

ಅದೆಲ್ಲ ಸರಿ ಇದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಮತ್ತು ನೀಡಲ್ ವಾಲ್ವ್ ನೋಡಿ. ನೀಡಲ್ ಸವೆದು ಪೆಟ್ರೋಲ್ ತುಂಬಿ ಹರಿಯುತ್ತಿದ್ದರೆ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗ ಇಲ್ಲ. ಕೊನೆಗೆ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು. ಹಿಂದೆ ಯಾರೋ ತಂತಿ ತೂರಿಸಿ ಜೆಟ್ ಕ್ಲೀನ್ ಮಾಡಿದ್ದರೆ ತೂತು ದೊಡ್ಡದಾಗಿರುತ್ತದೆ. ಜೆಟ್‌ಗೆ ತಂತಿ ಮುಟ್ಟಿಸಲೇ ಬಾರದು. ಗಾಳಿ ಹೊಡೆಸಿ, ಇಲ್ಲವೇ ಹೊಸದು ಹಾಕಿ.

ಪ್ಲಗ್ ಬಿಚ್ಚಿದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಜಿಗುಟು ಕಪ್ಪಾದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ತಿಳಿ ಕಂದು ಒಳ್ಳೆಯದು. ಸುಣ್ಣದ ಹಾಗೆ ಬೆಳ್ಳಗಾಗಿ ತುದಿ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಈಗಿನ ಪೆಟ್ರೋಲಿನಲ್ಲಿ ಬಣ್ಣ ಮೊದಲಿಗಿಂತ ಸ್ವಲ್ಪ ಮಾಸಲಾಗಿಯೇ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಕಾರ್ಬನ್ ಮಾನಾಕ್ಸೈಡ್ ಸರಿ ಉಂಟು, ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ. ಯಾಕೆ?

ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಬರುತ್ತಿದೆ. ಎಲ್ಲೋ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪ್ಲಗ್‌ಗೆ ಕಿಡಿ ಕೊಡುವ ಭಾಗಗಳನ್ನು ನೋಡಿ: ಪಾಯಿಂಟ್ ಗ್ಯಾಪ್, ಕಂಡೆನ್ಸರ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಬಿರುಕು. ಮಳೆಗಾಲದಲ್ಲಿ ಕ್ಯಾಪಿನ ಒಳಗೆ ತೇವ ಕೂತು ಮಿಸ್ ಹೊಡೆಯುವುದು ಜಾಸ್ತಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಇಟ್ಟರೆ ವೈರ್ ಮೇಲೆ ಸಣ್ಣ ನೀಲಿ ಕಿಡಿ ಹಾರುವುದು ಕಾಣುತ್ತದೆ. ಎಂಜಿನಿಗೆ ಗಾಳಿ–ಪೆಟ್ರೋಲ್ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆದರೂ ಹೀಗೇ. ಇವೆಲ್ಲ ಸರಿ ಇದ್ದೂ ಇಳಿಯದಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ, ವಾಲ್ವ್ ಕೂರುತ್ತಿಲ್ಲದಿರಬಹುದು.

ಕಾರಿನೊಳಗೆ ಹೊಗೆ ವಾಸನೆ ಬರುತ್ತದೆ. ಗಾಜು ಇಳಿಸಿ ಓಡಿಸಿದರೆ ಸಾಕಲ್ವಾ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವ ಸಮಯ ಇದ್ದರೆ ಇದನ್ನು ಓದಿ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿಮಗೆ ಬರುವುದು ಜತೆಗಿರುವ ಬೇರೆ ಅನಿಲಗಳ ವಾಸನೆ. ಜೂನ್, ಜುಲೈ ಮಳೆಯಲ್ಲಿ ನಾವೆಲ್ಲ ಗಾಜು ಮುಚ್ಚಿಯೇ ಓಡಿಸುವುದು. ಹಳೆ ಕಾರುಗಳಲ್ಲಿ ನೆಲದ ತಗಡು ತುಕ್ಕು ತಿಂದು ತೂತಾಗಿರುತ್ತದೆ, ಮ್ಯಾಟ್ ಕೆಳಗೆ ಕಾಣುವುದಿಲ್ಲ. ಪೈಪ್ ಜಾಯಿಂಟಿನಲ್ಲಿ ಸೋರಿದ್ದು ನೇರ ಒಳಗೆ ಬರುತ್ತದೆ. ತಲೆನೋವು, ವಾಕರಿಕೆ, ಮಂಕು ಕವಿದ ಹಾಗೆ ಆದರೆ ತಕ್ಷಣ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಇಳಿಸಿ. ಸುಸ್ತು ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸೋರಿಕೆ ಹುಡುಕುವುದು ಕಷ್ಟ ಇಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಪೈಪಿನ ಎಲ್ಲಾ ಜಾಯಿಂಟಿಗೂ ಸೋಪು ನೀರು ಹಚ್ಚಿ. ಒಬ್ಬರು ಚಾಲೂ ಮಾಡಲಿ. ದಪ್ಪ ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯ ಮುದ್ದೆಯನ್ನು ಪೈಪಿನ ಬಾಯಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಿರಿ. ಸೋರುವ ಕಡೆ ನೊರೆ ಗುಳ್ಳೆ ಏಳುತ್ತದೆ, ಮ್ಯಾನಿಫೋಲ್ಡ್ (ಎಂಜಿನಿನಿಂದ ಪೈಪಿಗೆ ಹೊಗೆ ತರುವ ಎರಕದ ಕವಲು) ಹತ್ತಿರ ಸೋರಿದರೆ ಚಸ್ ಚಸ್ ಎಂದು ಕೇಳಿಸುತ್ತದೆ. ಹಳೆಯ ಸೋರಿಕೆಯಾದರೆ ಜಾಯಿಂಟ್ ಸುತ್ತ ಮಸಿಯ ಗೆರೆ ಆಗಲೇ ಮೂಡಿರುತ್ತದೆ. ಎಲ್ಲವೂ ಬಿಗಿಯಾಗಿದ್ದರೆ ಎಂಜಿನ್ ಉಸಿರು ಕಟ್ಟಿ ನಿಲ್ಲಲು ನೋಡುತ್ತದೆ.

ಪೈಪ್ ಬಿಗಿ ಇದ್ದೂ ವಾಸನೆ ಬಂದರೆ ಡಿಕ್ಕಿಯ ರಬ್ಬರ್ ಬೀಡಿಂಗ್ ನೋಡಿ. ಓಡುವಾಗ ಕಾರಿನ ಹಿಂಭಾಗ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಪೈಪಿನ ತುದಿ ಬಂಪರಿನ ಒಳಗೇ ನಿಂತಿದ್ದರೆ ಹೊಗೆ ಡಿಕ್ಕಿಗೇ ಬರುತ್ತದೆ. ಬಂಪರ್ ದಾಟಿ ಹೊರಗೆ ಚಾಚಿರಬೇಕು.

ದಪ್ಪ ಪೈಪ್ ಹಾಕಿಸಿದರೆ ಎಳೆತ ಜಾಸ್ತಿ ಆಗುತ್ತದಂತೆ, ಹೌದಾ?

ಪದ್ಮಿನಿಯ ಎಂಜಿನ್ 1,089 ಸಿಸಿ. ಹಳೆ ಮಾರುತಿ 796 ಸಿಸಿ. ಇಷ್ಟು ಚಿಕ್ಕ ಎಂಜಿನಿಗೆ ದಪ್ಪ ಪೈಪ್ ಕೊಟ್ಟರೆ ಒಳಗೆ ಹೊಗೆಯ ವೇಗ ಕಡಿಮೆಯಾಗುತ್ತದೆ. ಒಂದು ಸಿಲಿಂಡರಿನಿಂದ ರಭಸವಾಗಿ ಹೋಗುವ ಹೊಗೆ ಹಿಂದೆ ಬರುವುದನ್ನೂ ಎಳೆದುಕೊಂಡು ಹೋಗಬೇಕು. ವೇಗ ಇಲ್ಲದಿದ್ದರೆ ಆ ಎಳೆತ ಇಲ್ಲ. ಆಗ ಕಡಿಮೆ ಆರ್‌ಪಿಎಂನಲ್ಲಿ ಶಕ್ತಿ ಸಾಯುತ್ತದೆ. ನಮಗೆ ಬೇಕಾದದ್ದೇ ಅಲ್ಲಿ ಅಲ್ವಾ? ಕದ್ರಿ ಗುಡ್ಡದ ಏರು, ಆಗುಂಬೆಯ 14 ತಿರುವು, ಎರಡನೇ ಗೇರಿನಲ್ಲಿ ಹತ್ತುವ ಚಾರ್ಮಾಡಿ. ‘ಬ್ಯಾಕ್ ಪ್ರೆಶರ್ ಬೇಕು’ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ನಿಜವಾಗಿ ಬೇಕಾದದ್ದು ವೇಗ. ಮೂಲ ಪೈಪಿನ ಅಳತೆಯನ್ನೇ ಇಟ್ಟುಕೊಂಡು, ಬೆಂಡುಗಳನ್ನು ಚಪ್ಪಟೆಯಾಗದ ಹಾಗೆ ನುಣ್ಣಗೆ ಬಗ್ಗಿಸಿದರೆ ಅದೇ ದೊಡ್ಡ ಲಾಭ.

ಸೈಲೆನ್ಸರ್ ತೆಗೆದು ನೇರ ಪೈಪ್ ಬಿಡುವುದು? ಬೇಡ. ಸೈಲೆನ್ಸರ್ ಇರಲೇಬೇಕು ಎಂದು 120ನೇ ನಿಯಮ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಳೆ ಕಾರೆಂದರೆ ಊರಿನವರು ಪ್ರೀತಿಯಿಂದ ತಿರುಗಿ ನೋಡುತ್ತಾರೆ. ಆ ಪ್ರೀತಿಯನ್ನು ಸದ್ದು ಮಾಡಿ ಕಳೆದುಕೊಳ್ಳಬಾರದು.

ಅಂಬಾಸಿಡರ್‌ಗೆ ನಾಲ್ಕು ಕವಲಿನ ಹೆಡರ್ ಸಿಗುತ್ತದಾ?

ಹೆಡರ್ ಎಂದರೆ ಎರಕದ ಮ್ಯಾನಿಫೋಲ್ಡ್ ಬದಲಿಗೆ ಹಾಕುವ ಕವಲು ಪೈಪ್. 1,489 ಸಿಸಿಯ ಹಳೆ ಎಂಜಿನ್ ಆದರೆ ನಾಲ್ಕು ಕವಲು ಕೂರುವುದೇ ಇಲ್ಲ. ಅದು ಬ್ರಿಟಿಷ್ ಕಂಪನಿ ಬಿಎಂಸಿಯ ಬಿ-ಸೀರೀಸ್ ಎಂಜಿನ್. ನಡುವಿನ ಎರಡು ಸಿಲಿಂಡರಿಗೆ ಸೇರಿ ಒಂದೇ ಎಕ್ಸಾಸ್ಟ್ ಕಿಂಡಿ, ಒಟ್ಟು ಮೂರೇ. ಹೆಡರ್ ಮಾಡಿಸಿದರೂ ಮೂರು ಕವಲಿನದ್ದೇ ಆಗಬೇಕು. ಇನ್‌ಟೇಕ್ ಕೂಡ ಅದೇ ಬದಿಯಲ್ಲಿ ಇರುವುದರಿಂದ ಬಿಸಿ ಪೈಪ್ ಕಾರ್ಬುರೇಟರಿನ ಕೆಳಗೇ ಬರುತ್ತದೆ, ನಡುವೆ ತಗಡಿನ ಮರೆ ಬೇಕು. ಇಲ್ಲದಿದ್ದರೆ ಏಪ್ರಿಲ್ ಬಿಸಿಲಿನ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕುದಿದು ಕಾರು ನಿಲ್ಲುತ್ತದೆ. ರಸ್ತೆ ಕಾರಿಗೆ ಎರಕದ ಮೂಲ ಮ್ಯಾನಿಫೋಲ್ಡ್ ಚೆನ್ನಾಗಿಯೇ ಉಂಟು. ಬಿರುಕು ಇಲ್ಲದಿದ್ದರೆ ಮೇಲ್ಮೈಯನ್ನು ಲೇತ್‌ನವರಲ್ಲಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ.

ಹಳೆ ಗ್ಯಾಸ್ಕೆಟ್ ಕೆರೆಯುವಾಗ ಎಚ್ಚರ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಬ್ರಷ್ ಹಾಕಿ ಉಜ್ಜಬೇಡಿ. ನೀರು ಹಾಕಿ ನೆನೆಸಿ, ಮಾಸ್ಕ್ ಕಟ್ಟಿ ತೆಗೆಯಿರಿ. ಸ್ಟಡ್‌ಗೆ ಹಿತ್ತಾಳೆ ನಟ್ ಹಾಕಿ. ಮುಂದಿನ ಸಲ ಬಿಚ್ಚುವಾಗ ಸ್ಟಡ್ ಮುರಿಯುವುದಿಲ್ಲ.

ಇಲ್ಲಿ ಸೈಲೆನ್ಸರ್ ಇಷ್ಟು ಬೇಗ ಯಾಕೆ ತೂತಾಗುತ್ತದೆ?

ಹೊರಗಿನಿಂದ ಉಪ್ಪು ಗಾಳಿ, ಒಳಗಿನಿಂದ ನೀರು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದು ಎಲ್ಲರಿಗೂ ಗೊತ್ತು. ಒಳಗಿನ ನೀರಿನ ಬಗ್ಗೆ ಯೋಚಿಸುವವರು ಕಡಿಮೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪ್ ಬಿಸಿ ಇದ್ದರೆ ಅದು ಆವಿಯಾಗಿ ಹೋಗುತ್ತದೆ. ಆದಿತ್ಯವಾರ ದೇವಸ್ಥಾನಕ್ಕೋ ಇಗರ್ಜಿಗೋ ಎರಡು ಕಿಲೋಮೀಟರ್ ಹೋಗಿ ಬಂದು ನಿಲ್ಲಿಸಿದರೆ ಸೈಲೆನ್ಸರ್ ಬಿಸಿಯೇ ಆಗಿರುವುದಿಲ್ಲ. ಹುಳಿ ನೀರು ಡಬ್ಬಿಯ ತಳದಲ್ಲಿ ಕೂತು ಒಳಗಿನಿಂದ ತಿನ್ನುತ್ತದೆ. ಆದ್ದರಿಂದ ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಬೆರಳಲ್ಲಿ ಒತ್ತಿದರೆ ತಳ ಕುಸಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸುವುದು ಇದಕ್ಕೆ ಒಳ್ಳೆಯ ಔಷಧ. ಸೈಲೆನ್ಸರಿನ ತಗ್ಗಿನ ಭಾಗದಲ್ಲಿ ಕಂಪನಿಯೇ ಕೊಟ್ಟ ಸಣ್ಣ ತೂತು ಇದ್ದರೆ ಅದನ್ನು ವೆಲ್ಡ್ ಮಾಡಿ ಮುಚ್ಚಬೇಡಿ. ನೀರು ಇಳಿಯಲು ಇಟ್ಟದ್ದು ಅದು.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಲಾ?

ಕಾರು ಇಟ್ಟುಕೊಳ್ಳುವ ಮನಸ್ಸಿದ್ದರೆ ಹಾಕಿಸಿ. ಸ್ಟೇನ್‌ಲೆಸ್‌ನಲ್ಲೂ ಜಾತಿ ಉಂಟು. 409 ಅಗ್ಗ, ಮೇಲೆ ಕಂದು ತುಕ್ಕು ಕಾಣಿಸುತ್ತದೆ, ಆದರೂ ಕಬ್ಬಿಣಕ್ಕಿಂತ ತುಂಬಾ ಬಾಳುತ್ತದೆ. 304 ನಮ್ಮ ಊರಿಗೆ ಸರಿಯಾದ ಆಯ್ಕೆ. ಮಲ್ಪೆಯೋ ಪಣಂಬೂರೋ, ಸಮುದ್ರದ ಪಕ್ಕವೇ ಮನೆ ಇದ್ದರೆ 304ರ ಮೇಲೂ ಚಹಾ ಕಲೆಯಂಥ ಗುರುತು ಬರುತ್ತದೆ. ಸಿಹಿ ನೀರಲ್ಲಿ ತೊಳೆದರೆ ಸಾಕು. 316 ಇನ್ನೂ ಗಟ್ಟಿ, ಬೆಲೆಯೂ ಹಾಗೇ. ಸದ್ದು ಮಾತ್ರ ಮೂಲಕ್ಕಿಂತ ಸ್ವಲ್ಪ ಚುರುಕಾಗಬಹುದು.

ಎಕ್ಸಾಸ್ಟ್ ರ‍್ಯಾಪ್ ಸುತ್ತಿಸಬಹುದಾ?

ಇಲ್ಲಿ ಬೇಡ. ಬಿಸಿ ತಡೆಯಲು ಪೈಪಿಗೆ ಸುತ್ತುವ ಆ ಪಟ್ಟಿ ಮಳೆ ನೀರು ಹೀರಿಕೊಂಡು ಪೈಪಿಗೆ ಅಂಟಿಸಿ ಇಡುತ್ತದೆ. ಬಿಸಿ ತಡೆಯಬೇಕಾದರೆ ಸೆರಾಮಿಕ್ ಕೋಟಿಂಗ್ ಅಥವಾ ತಗಡಿನ ಮರೆ ಮಾಡಿಸಿ.

ಹಳೆ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದರೆ ಪರಿಸರಕ್ಕೆ ಒಳ್ಳೆಯದಲ್ವಾ?

ಯೋಚನೆ ಒಳ್ಳೆಯದು, ಆದರೆ ಕಾರ್ಬುರೇಟರ್ ಕಾರಿನಲ್ಲಿ ಅದು ಕೆಲಸ ಮಾಡುವುದು ಕಷ್ಟ. ಕನ್ವರ್ಟರಿನ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಸುಮಾರು 250–300 ಡಿಗ್ರಿ ಬಿಸಿಯಾದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಎಂಬ ಮೂರೂ ವಿಷವನ್ನು ಅದು ಒಟ್ಟಿಗೆ ಕಡಿಮೆ ಮಾಡಬೇಕಾದರೆ ಗಾಳಿ–ಪೆಟ್ರೋಲ್ ತೂಕ 14.7ಕ್ಕೆ 1ರ ಹತ್ತಿರವೇ ನಿಲ್ಲಬೇಕು. ಹೊಸ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಅದನ್ನು ಕ್ಷಣಕ್ಷಣ ಸರಿ ಮಾಡುತ್ತದೆ. ಕಾರ್ಬುರೇಟರಿಗೆ ಅದು ಆಗುವುದಿಲ್ಲ. ಪೆಟ್ರೋಲ್ ಜಾಸ್ತಿ ಹೋದರೆ ಕನ್ವರ್ಟರಿಗೆ ಆಮ್ಲಜನಕವೇ ಸಿಗುವುದಿಲ್ಲ. ಒಂದು ಸಿಲಿಂಡರ್ ಮಿಸ್ ಹೊಡೆದರೆ ಹಸಿ ಪೆಟ್ರೋಲ್ ಅದರೊಳಗೇ ಉರಿದು, ಜೇನುಗೂಡು ಕರಗಿ, ಪೈಪೇ ಕಟ್ಟಿಕೊಳ್ಳುತ್ತದೆ.

ಬೆಂಕಿಯ ಭಯವೂ ಉಂಟು. ಕನ್ವರ್ಟರ್ ನೂರಾರು ಡಿಗ್ರಿ ಕಾಯುತ್ತದೆ. ಹಳೆ ಕಾರಿನ ನೆಲಕ್ಕೆ ಅಂಥ ಮರೆ ಕೊಟ್ಟಿಲ್ಲ. ಅಂಗಳದಲ್ಲಿ ಹರಡಿದ ಬೈಹುಲ್ಲಿನ ಮೇಲೆ ನಿಲ್ಲಿಸಿದರೆ ಏನಾಗಬಹುದು ಯೋಚಿಸಿ.

ನನ್ನ ಕಾರಿಗೆ ಕಂಪನಿಯಿಂದಲೇ ಕನ್ವರ್ಟರ್ ಬಂದಿತ್ತು. ಕಟ್ಟಿಕೊಂಡಿದೆ, ತೆಗೆಯಲಾ?

ತೆಗೆದು ಖಾಲಿ ಪೈಪ್ ಹಾಕಬೇಡಿ, ಹೊಸ ಕನ್ವರ್ಟರ್ ಹಾಕಿಸಿ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು, ಅದರ ಜತೆಗೇ ಸೀಸವಿಲ್ಲದ ಪೆಟ್ರೋಲ್ ಬಂತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲಾ ಸೀಸದ ಪೆಟ್ರೋಲ್ ನಿಂತಿತು. ಸೀಸ ಕನ್ವರ್ಟರಿನ ಲೇಪವನ್ನು ಕೊಲ್ಲುತ್ತದೆ, ಆದ್ದರಿಂದ ಎರಡೂ ಒಟ್ಟಿಗೇ ಬರಬೇಕಿತ್ತು. ಕಟ್ಟಿಕೊಂಡದ್ದು ಯಾಕೆ ಎಂದು ಮೊದಲು ಹುಡುಕಿ. ಮಿಸ್ ಹೊಡೆಯುವುದು ಸರಿಯಾಗದೆ ಹೊಸದು ಹಾಕಿದರೆ ಅದೂ ಕರಗುತ್ತದೆ.

ಇ-20 ಪೆಟ್ರೋಲ್ ಬಂದ ಮೇಲೆ ಕಾರು ಬೆಳಿಗ್ಗೆ ಮೊಂಡು ಮಾಡುತ್ತದೆ.

ಇ-20 ಎಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ ಉರಿಯಲು ಗಾಳಿ ಕಡಿಮೆ ಸಾಕು. ಪೆಟ್ರೋಲಿಗೆ 14.7 ಆದರೆ ಎಥನಾಲ್‌ಗೆ ಸುಮಾರು 9. ಜೆಟ್ ಹಳೆಯದೇ ಇರುವುದರಿಂದ ಮಿಶ್ರಣ ತೆಳ್ಳಗಾಗುತ್ತದೆ, ಅಂದರೆ ಗಾಳಿ ಜಾಸ್ತಿ ಆಗುತ್ತದೆ. ಚೋಕ್ ಜಾಸ್ತಿ ಹೊತ್ತು ಬೇಕಾಗುತ್ತದೆ, ಏರಿನಲ್ಲಿ ತಡವರಿಸುತ್ತದೆ. ಎಮಿಷನ್ ಕಾಗದದಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ ಬಂತು ಎಂದು ಖುಷಿಪಡುವ ಮೊದಲು ಪ್ಲಗ್ ನೋಡಿ. ಬೆಳ್ಳಗಾಗಿದ್ದರೆ ಮೈನ್ ಜೆಟ್ ಒಂದು ಹೆಜ್ಜೆ ದೊಡ್ಡದು ಹಾಕಿಸಿ.

ಅದಕ್ಕಿಂತ ತುರ್ತಿನದ್ದು ರಬ್ಬರ್. ಹಳೆ ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ ಎಥನಾಲ್‌ಗೆ ಉಬ್ಬಿ ಬಿರುಕು ಬಿಡುತ್ತವೆ. ಬಿಸಿ ಮ್ಯಾನಿಫೋಲ್ಡ್ ಹತ್ತಿರ ಪೆಟ್ರೋಲ್ ತೊಟ್ಟಿಕ್ಕುವುದು ಆಟವಲ್ಲ. ಎಥನಾಲ್ ತಡೆಯುವ ಹೋಸ್ ಕೇಳಿ ಹಾಕಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ. ಎಥನಾಲ್ ತೇವ ಹೀರುತ್ತದೆ.

ಲ್ಯಾಂಬ್ಡಾ ಸೆನ್ಸರ್ ಹಾಕಿ ಟ್ಯೂನ್ ಮಾಡುವುದು ಅತಿಯಾಯಿತಾ?

ಖಂಡಿತ ಅಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಮಿಶ್ರಣ ಅಳೆಯುವ ಸೆನ್ಸರ್ ಅದು. ಸೈಲೆನ್ಸರ್ ಹೇಗೂ ಬಿಚ್ಚಿದ್ದೀರಿ ಎಂದಾದರೆ ಮುಂದಿನ ಪೈಪಿಗೆ ಒಂದು ಸೆನ್ಸರ್ ನಟ್ ವೆಲ್ಡ್ ಮಾಡಿಸಿ. ಪೈಪಿನ ಮೇಲರ್ಧದಲ್ಲಿ ಓರೆಯಾಗಿ ಕೂರಿಸಿ, ಕೆಳಗೆ ಇಟ್ಟರೆ ನೀರು ಕೂತು ಸೆನ್ಸರ್ ಸಾಯುತ್ತದೆ. ವೈಡ್‌ಬ್ಯಾಂಡ್ ಮೀಟರ್ ಜೋಡಿಸಿ, ಘಟ್ಟ ಹತ್ತಿ ಇಳಿದು ನೋಡಿ. ಇ-20 ಆದ್ದರಿಂದ ಗಾಳಿ–ಪೆಟ್ರೋಲ್ ಅಂಕಿ ಬಿಟ್ಟು ಲ್ಯಾಂಬ್ಡಾ ಅಂಕಿ ಓದಿ (1 ಎಂದರೆ ಗಾಳಿ ಸರಿಯಾಗಿ ಸಾಕಾಗುವಷ್ಟು, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಜಾಸ್ತಿ). ಸಮ ರಸ್ತೆಯಲ್ಲಿ 1ರ ಆಸುಪಾಸು, ಪೂರ್ತಿ ಒತ್ತಿದಾಗ 0.88ರ ಹತ್ತಿರ ಇದ್ದರೆ ಎಂಜಿನ್ ಸುರಕ್ಷಿತ. ಕೆಲಸ ಮುಗಿದ ಮೇಲೆ ಸೆನ್ಸರ್ ತೆಗೆದು ಬೋಲ್ಟ್ ಹಾಕಿದರೆ ಆಯಿತು.

ಘಟ್ಟ ಇಳಿಯುವಾಗ ಪಟ್ ಪಟ್ ಹೊಡೆಯುತ್ತದೆ.

ಹೆಚ್ಚಿನ ಸಲ ಮ್ಯಾನಿಫೋಲ್ಡ್ ಮತ್ತು ಪೈಪ್ ಸೇರುವಲ್ಲಿ ಸೋರಿಕೆ. ಆಕ್ಸಿಲರೇಟರ್ ಬಿಟ್ಟಾಗ ಉರಿಯದ ಪೆಟ್ರೋಲ್ ಪೈಪಿಗೆ ಬರುತ್ತದೆ, ಸೋರಿಕೆಯಿಂದ ಹೊರಗಿನ ಗಾಳಿ ಸೇರುತ್ತದೆ, ಒಳಗೇ ಹೊತ್ತಿಕೊಳ್ಳುತ್ತದೆ. ಟೈಮಿಂಗ್ ತಡವಾಗಿದ್ದರೂ ಹೀಗಾಗುತ್ತದೆ.

ಡೀಸೆಲ್ ಅಂಬಾಸಿಡರ್ ಏರಿನಲ್ಲಿ ಕಪ್ಪು ಹೊಗೆ ಬಿಡುತ್ತದೆ.

ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಮಾಡಿಸಿ. ಎಳೆತಕ್ಕೆಂದು ಯಾರೋ ಪಂಪಿನ ಸ್ಕ್ರೂ ತಿರುಗಿಸಿದ್ದರೆ ಮತ್ತೆ ಸರಿ ಮಾಡಿಸಿ. ಹಳೆ ಡೀಸೆಲ್‌ಗೆ ಮಿತಿ 65 ಹಾರ್ಟ್ರಿಡ್ಜ್ (ಹೊಗೆ ಎಷ್ಟು ದಟ್ಟ ಎನ್ನುವ ಅಳತೆ). ಟೆಸ್ಟ್‌ನಲ್ಲಿ ಪೂರ್ತಿ ರೇಸ್ ಮಾಡುತ್ತಾರೆ, ಎಂಜಿನ್ ಆಯಿಲ್ ನೋಡಿಕೊಂಡೇ ಹೋಗಿ.

ಇದೆಲ್ಲ ಮಾಡಿದರೆ ಆರ್‌ಟಿಒದಲ್ಲಿ ತೊಂದರೆ ಆಗುತ್ತದಾ?

ತುಕ್ಕು ಹಿಡಿದದ್ದನ್ನು ಮೂಲದ ಹಾಗೆಯೇ ಮಾಡಿಸುವುದು ರಿಪೇರಿ. ಅದಕ್ಕೆ ಯಾರೂ ಏನೂ ಹೇಳುವುದಿಲ್ಲ. ಎಂಜಿನ್ ಬದಲಾಯಿಸುವುದು, ಸಿಎನ್‌ಜಿ ಕಿಟ್ ಹಾಕುವುದು ಬೇರೆ ಮಾತು. ಅದಕ್ಕೆ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ 10,000 ರೂಪಾಯಿವರೆಗೂ ದಂಡ ಬೀಳಬಹುದು.

ಪೈಪಿನ ಬಾಯಿ ಎಡಕ್ಕೆ ಅಥವಾ ಕೆಳಕ್ಕೆ ತಿರುಗಿರಬಾರದು. ಎಡಕ್ಕೆ ಬಿಟ್ಟರೆ ರಸ್ತೆ ಬದಿ ನಡೆಯುವವರ ಕಾಲಿಗೇ ಹೊಗೆ. ಪೆಟ್ರೋಲ್ ಲೈನಿನಿಂದ ಪೈಪ್ ಕನಿಷ್ಠ 35 ಮಿಲಿಮೀಟರ್ ದೂರ ಇರಬೇಕು. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋಗುವ ಮೊದಲು ಇದನ್ನು ಅಳೆದು ನೋಡಿ.

50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸಿದರೆ?

2021ರಲ್ಲಿ ಬಂದ ನಿಯಮ ಅದು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ವಾರಕ್ಕೆರಡು ಸಲ ಪೇಟೆಗೆ ಒಯ್ಯುವ ಕಾರಾದರೆ ನನ್ನ ಪ್ರಕಾರ ಮಾಮೂಲು ಆರ್‌ಸಿಯೇ ವಾಸಿ. ಮೂಲ ರೂಪದ ಹಳೆ ಕಾರು ಹೇಗಿರುತ್ತದೆ ಎಂದು ನೋಡಬೇಕಾದರೆ ಧರ್ಮಸ್ಥಳದಲ್ಲಿ ಹಳೆ ಕಾರುಗಳ ದೊಡ್ಡ ಸಂಗ್ರಹವೇ ಉಂಟು.

ಕೊನೆಗೆ, ಕೆಲಸ ಎಲ್ಲಿ ಮಾಡಿಸುವುದು?

ಬೈಕಂಪಾಡಿ, ಯೆಯ್ಯಾಡಿ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿ. ಸ್ಟೇನ್‌ಲೆಸ್‌ಗೆ ಟಿಗ್ ವೆಲ್ಡಿಂಗ್ ಗೊತ್ತಿರುವವರೇ ಬೇಕು. ಹಳೆ ಸೈಲೆನ್ಸರನ್ನು ತುಂಡು ಮಾಡದೆ ಇಡಿಯಾಗಿ ಬಿಚ್ಚಿಸಿ ಒಯ್ಯಿರಿ, ಅಳತೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪೈಪನ್ನು ಕಾರಿಗೆ ತೂಗು ಹಾಕಿ ಟ್ಯಾಕ್ ಹೊಡೆಸಿ, ಎಂಜಿನ್ ಚಾಲೂ ಮಾಡಿ ಅಲ್ಲಾಡಿಸಿ, ಎಲ್ಲೂ ತಾಗುತ್ತಿಲ್ಲ ಎಂದಾದ ಮೇಲೆ ಪೂರ್ತಿ ವೆಲ್ಡ್ ಮಾಡಲಿ. ವೆಲ್ಡ್ ಮಾಡುವಾಗೆಲ್ಲ ಬ್ಯಾಟರಿ ವೈರ್ ಬಿಚ್ಚಿರಬೇಕು. ರಬ್ಬರ್ ಹ್ಯಾಂಗರ್ ಹೊಸದು ಹಾಕಿ, ಹಳೆಯದನ್ನೇ ಹಾಕಿದರೆ ಪೈಪಿನ ಭಾರ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಬಿಚ್ಚಿದ ಹಳೆ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ, ಅಟ್ಟದಲ್ಲಿಡಿ. ಮುಂದೆ ಮಾಡುವವರಿಗೆ ಅಳತೆಗೆ ಅದೇ ಬೇಕು.